ಮಂಜಿಗೆ ನೀರು ಬಿಟ್ಟವ

ಪೊಡಿಯಬ್ಬನ ಹೆಂಡತಿ ಮೈಮೂನತ್ ಮಕ್ಕಾದಲ್ಲಿ ಉಮ್ರಾ ಯಾತ್ರೆ ಮುಗಿಸಿ ಮದೀನಕ್ಕೆ ಬಂದು ಎರಡು ದಿನವಾಗಿತ್ತು. ಪೊಡಿಯಬ್ಬನೋ, ಅಲ್ಲಿಂದ ಏಳುನೂರೈವತ್ತು ಕಿಲೋಮೀಟರ್ ದೂರದಲ್ಲಿ, ತಬೂಕಿನಾಚೆಯ ಬೆಟ್ಟದ ಬುಡದ ತೋಟವೊಂದರಲ್ಲಿ, ಮೊಣಕಾಲು ಮುಳುಗುವ ಮಂಜಿನಲ್ಲಿ ನಿಂತು ಸೃಷ್ಟಿಸಿದ ದೇವರ ಮೇಲೆ ಸಣ್ಣಗೆ ಮುನಿಸಿಕೊಂಡಿದ್ದ.

ಸೌದಿಯಲ್ಲಿ ಮಂಜು ಬೀಳುತ್ತದೆ ಎಂದರೆ ಊರಿನಲ್ಲಿ ಯಾರು ನಂಬುತ್ತಾರೆ? ಸಾಲೆತ್ತೂರಿನ ಯಾವುದಾದರೂ ಹೋಟೆಲಿನಲ್ಲಿ ಕುಳಿತು ಹೇಳಿ ನೋಡಿ, ಚಹಾದ ಗ್ಲಾಸು ಕೆಳಗಿಟ್ಟು ನಗುತ್ತಾರೆ. ಆದರೆ ಬೀಳುತ್ತದೆ. ಜೋರ್ಡಾನಿನ ಗಡಿಯ ಕಡೆಗೆ ಕೆಲವು ಚಳಿಗಾಲ ಬೆಟ್ಟದ ನೆತ್ತಿ ಬೆಳ್ಳಗಾಗುವುದುಂಟು. ಈ ತೋಟದ ಕೆಲಸಕ್ಕೆ ಬಂದ ಹದಿನೆಂಟು ವರ್ಷದಲ್ಲಿ ಪೊಡಿಯಬ್ಬ ಅದನ್ನು ನಾಲ್ಕೈದು ಸಲ ದೂರದಿಂದ ನೋಡಿದ್ದ. ಅದು ತೋಟದ ಬಾಗಿಲಿಗೇ ಬಂದು ಕುಳಿತದ್ದು ಮಾತ್ರ ಈ ಸಲ, 2013ರ ಡಿಸೆಂಬರಿನಲ್ಲಿ. ಬರುವುದಕ್ಕೆ ಅದಕ್ಕೆ ಬೇರೆ ವಾರವೇ ಸಿಗಲಿಲ್ಲ ನೋಡಿ!

ಗಂಡ ಹೆಂಡತಿ ಮುಖ ನೋಡಿ ಮೂರು ವರ್ಷವಾಗಿತ್ತು. ಒಂದು ವರ್ಷ ರಜೆಯ ಹೊತ್ತಿಗೆ ತೋಟದ ಆಡುಗಳಿಗೆ ರೋಗ ಬಂತು, ಮರುವರ್ಷ ಇಕಾಮಾ ಎಂಬ ವಾಸದ ಪರವಾನಗಿಯದ್ದೇನೋ ತಕರಾರು. ಕೊನೆಗೆ ಮೈಮೂನತ್, "ನಿಮ್ಮನ್ನು ಕಾದು ಕೂತರೆ ನನ್ನ ಹಲ್ಲು ಉದುರ್ತದೆ, ನಾನೇ ಬರ್ತೇನೆ" ಎಂದು ಹೇಳಿ, ಅಣ್ಣ ಇದಿನಬ್ಬನನ್ನು ಹೊರಡಿಸಿಕೊಂಡು, ವಿಟ್ಲದ ಮದರಸದ ಉಸ್ತಾದರೊಬ್ಬರ ಉಮ್ರಾ ತಂಡದಲ್ಲಿ ಬಂದೇಬಿಟ್ಟಿದ್ದಳು. ಉಮ್ರಾ ವೀಸಾದಲ್ಲಿ ಬಂದವರು ಮಕ್ಕಾ, ಮದೀನಾ, ಜಿದ್ದಾ ಬಿಟ್ಟು ಬೇರೆ ಕಡೆ ಹೋಗುವ ಹಾಗಿಲ್ಲ. ಹಾಗಾಗಿ ಪೊಡಿಯಬ್ಬನೇ ಮದೀನಕ್ಕೆ ಹೋಗಬೇಕು. ಕಫೀಲ್, ಎಂದರೆ ತೋಟದ ಧಣಿ, ಅಬೂ ಯಹ್ಯಾ ಗುರುವಾರ, ಶುಕ್ರವಾರ ಎರಡು ದಿನ ರಜೆ ಕೊಟ್ಟಿದ್ದ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ತಂಡದ ಬಸ್ಸು ಮದೀನಾ ಬಿಟ್ಟು ಜಿದ್ದಾದ ವಿಮಾನ ನಿಲ್ದಾಣಕ್ಕೆ ಹೊರಡುತ್ತದೆ. ಅಷ್ಟರೊಳಗೆ ಎರಡು ಹಗಲು ಹೆಂಡತಿಯ ಜೊತೆ ಇರಬಹುದು ಎಂದು ಪೊಡಿಯಬ್ಬ ಬೆರಳು ಮಡಚಿ ಲೆಕ್ಕ ಹಾಕಿ ಕುಳಿತಿದ್ದ. ಮಂಜು ಬಿದ್ದದ್ದು ಬುಧವಾರ ರಾತ್ರಿ.

ಗುರುವಾರ ಬೆಳಿಗ್ಗೆ ತಬೂಕಿನ ಮನೆಯಿಂದ ಅಬೂ ಯಹ್ಯಾನ ಫೋನು ಬಂತು. ಅರಬ್ಬರ ನಾಲಿಗೆಗೆ 'ಪ' ಹತ್ತುವುದಿಲ್ಲ, ಅವನಿಗೆ ಪೊಡಿಯಬ್ಬ ಮೊದಲ ದಿನದಿಂದಲೂ ಬೋಡಿ.

"ಯಾ ಬೋಡಿ, ಹೈವೇಯನ್ನೇ ಪೊಲೀಸರು ಮುಚ್ಚಿದ್ದಾರೆ. ಇವತ್ತು ನಾನು ಬರುವ ಹಾಗಿಲ್ಲ, ನೀನು ಹೋಗುವ ಹಾಗೂ ಇಲ್ಲ. ನಾಳೆ ನಸುಕಿನ ಫಜ್ರ್ ನಮಾಝು ಮುಗಿಸಿ ಬರ್ತೇನೆ. ಅಮ್ಮನನ್ನೂ ನಿನ್ನನ್ನೂ ಒಟ್ಟಿಗೆ ಕರೆದುಕೊಂಡು ಹೋಗ್ತೇನೆ. ತಬೂಕಿನಿಂದ ಮದೀನಕ್ಕೆ ಎಂಟು ಗಂಟೆಯ ಬಸ್ಸು ನಿನಗೆ ಸಿಗ್ತದೆ. ಅಷ್ಟರಲ್ಲಿ ದಾರಿ ತೆರೆದಿಡು."

ಅಮ್ಮ ಎಂದರೆ ಅಬೂ ಯಹ್ಯಾನ ತಾಯಿ. ಎಂಬತ್ತು ದಾಟಿದ ಹಣ್ಣು ಮುದುಕಿ. ಪೇಟೆಯ ಮನೆ ಉಸಿರು ಕಟ್ಟುತ್ತದೆ ಎಂದು ಹಟ ಹಿಡಿದು ತೋಟದಲ್ಲೇ ಇರುವವಳು. ಪೊಡಿಯಬ್ಬ ಅವಳನ್ನು ಉಮ್ಮಾ ಎಂದೇ ಕರೆಯುತ್ತಿದ್ದ. ಅವನಂಥ ಬ್ಯಾರಿಗಳ ಮನೆಯಲ್ಲೂ ಹೆತ್ತವಳಿಗೆ ಅದೇ ಹೆಸರು, ನಾಲಿಗೆಗೆ ಹೊಸದಾಗಿ ಕಲಿಸಬೇಕಿರಲಿಲ್ಲ. ಉಮ್ಮನಿಗೆ ನಡೆಯಲು ಕಷ್ಟ. ಮಂಜಿನ ರಾತ್ರಿ ಕರೆಂಟು ಹೋದದ್ದು ಬಂದಿರಲಿಲ್ಲ, ಹೀಟರಿನ ಗ್ಯಾಸೂ ಇನ್ನೊಂದು ದಿನಕ್ಕೆ ಬಂದರೆ ಹೆಚ್ಚು. ಬೆಳಗ್ಗಿನಿಂದ ಕೆಮ್ಮು ಬೇರೆ. ಕಾರು ಮನೆ ಬಾಗಿಲಿಗೇ ಬಂದು ಅವಳನ್ನು ಕೂರಿಸಿಕೊಳ್ಳಬೇಕು.

ದಾರಿ ತೆರೆಯುವುದು ಪೊಡಿಯಬ್ಬನಿಗೆ ಹೊಸತೇನಲ್ಲ, ಅವನ ಅನ್ನವೇ ಅದು. ಡಾಂಬರು ರಸ್ತೆಯಿಂದ ತೋಟದ ಮನೆಗೆ ನಾಲ್ಕು ಕಿಲೋಮೀಟರಿನ ಮಣ್ಣುದಾರಿ. ಅದರಲ್ಲಿ ಕೊನೆಯ ಮುಕ್ಕಾಲು ಕಿಲೋಮೀಟರ್ ಒಳ್ಳೆಯ ಏರು. ಎರಡೂ ಬದಿಗೆ ಕೆಂಪು ಮರಳು. ಗಾಳಿ ಬೀಸಿದ ಮರುದಿನ ನೋಡಿದರೆ ದಾರಿ ಇದ್ದ ಕುರುಹೂ ಉಳಿಯುವುದಿಲ್ಲ. ಪೊಡಿಯಬ್ಬ ಟ್ರ್ಯಾಕ್ಟರಿಗೆ ಮುಂದೆ ಬಕೆಟ್ಟು, ಹಿಂದೆ ಬ್ಲೇಡು ಕಟ್ಟಿ ಅದನ್ನು ಕೆರೆದು ಬದಿಗೆ ತಳ್ಳುತ್ತಿದ್ದ. ತಮ್ಮ ತೋಟದ್ದಾದ ಮೇಲೆ ಅಕ್ಕಪಕ್ಕದ ನಾಲ್ಕು ತೋಟಗಳ ದಾರಿಯೂ ಅವನದೇ. ಅವನ ಕೆಲಸಕ್ಕೊಂದು ಕೊನೆಯ ಶಾಸ್ತ್ರವಿತ್ತು. ಕೆರೆದು ಮುಗಿದ ಮೇಲೆ ನೀರಿನ ಟ್ಯಾಂಕರ್ ಎಳೆದುಕೊಂಡು ಹೋಗಿ ದಾರಿಗೆ ಸಮನಾಗಿ ನೀರು ಬಿಡುವುದು. ಉಳಿದ ಸಡಿಲ ಮರಳು ಕುಳಿತು ಬೆಳಗಾಗುವಾಗ ಸಗಣಿ ಸಾರಿಸಿದ ಅಂಗಳದಂತೆ ಗಟ್ಟಿಯಾಗುತ್ತಿತ್ತು. ನೀರು ಬಿಡದಿದ್ದರೆ ಅವನಿಗೆ ಕೆಲಸ ಮುಗಿಯಿತು ಎಂದೇ ಅನ್ನಿಸುತ್ತಿರಲಿಲ್ಲ.

ಗುರುವಾರ ಏಳು ಗಂಟೆಗೆ ಟ್ರ್ಯಾಕ್ಟರ್ ಹತ್ತಿದ. ಜೊತೆಗೆ ಚನಿಯ. ಚನಿಯ ಬೆಳ್ಳಾರೆಯ ಕಡೆಯವನು, ತೋಟದ ಪಂಪು, ಜನರೇಟರು, ಆಡುಗಳ ಉಸ್ತುವಾರಿ ಎಲ್ಲ ಅವನದು. ಪ್ರಾಯ ಪೊಡಿಯಬ್ಬನದಕ್ಕಿಂತ ಹದಿನೈದು ಕಡಿಮೆ, ಮಾತು ಮಾತ್ರ ಹದಿನೈದು ಪಟ್ಟು ಹೆಚ್ಚು.

"ಪೊಡಿಯಾಕ, ಇದು ಆಗುವ ಕೆಲಸವಾ? ಎರಡು ಅಡಿ ಉಂಟು ಮಾರಾಯ್ರೆ!"

"ಮರಳನ್ನೇ ಎತ್ತಿದವನಿಗೆ ಇದೆಂತ ಚನಿಯ? ಹತ್ತಿ!"

ನಿಜಕ್ಕೂ ಹತ್ತಿಯಂತೆಯೇ ಇತ್ತು. ಬ್ಲೇಡು ಮುಟ್ಟಿದ ಕೂಡಲೇ ಮಂಜು ಪಕ್ಕಕ್ಕೆ ಸರಿದು ಬೀಳುತ್ತಿತ್ತು. ಟ್ರ್ಯಾಕ್ಟರ್ ಉಸ್ಸೆನ್ನಲಿಲ್ಲ. ಇಂಥ ಬೊಗಸೆ ಮಂಜಿಗೆ ಒಂದು ದೇಶದ ಹೈವೇಯನ್ನೇ ಮುಚ್ಚುತ್ತಾರಲ್ಲ ಎಂದು ಪೊಡಿಯಬ್ಬನಿಗೆ ನಗು ಬಂತು. ಮಧ್ಯಾಹ್ನ ಎರಡು ಕಿಲೋಮೀಟರ್ ಆಯಿತು. ಇಳಿಹೊತ್ತಿನ ಅಸರ್ ನಮಾಝಿನ ಹೊತ್ತಿಗೆ ಡಾಂಬರು ರಸ್ತೆ ಮುಟ್ಟಿತು. ಹಿಂದಿರುಗಿ ನೋಡಿದರೆ ಬಿಳಿಯ ಬಯಲಿನ ನಡುವೆ ಕೆಂಪಗೆ ನೇರವಾಗಿ ಮಲಗಿದ ದಾರಿ. ಇಷ್ಟು ಚಂದದ ಕೆಲಸ ತಾನು ಮಾಡಿದ್ದೇ ಇಲ್ಲ ಎಂದು ಪೊಡಿಯಬ್ಬನಿಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಕೆಟ್ಟದ್ದು.

ಏರಿನಲ್ಲಿ ಅಲ್ಲಲ್ಲಿ ತೆಳ್ಳಗೆ ಮಂಜಿನ ಪುಡಿ ಉಳಿದಿತ್ತು. ಗಾಳಿಗೆ ಅದು ಹಾರಿ ಹಾರಿ ದಾರಿಯ ಮೇಲೆ ಬರುತ್ತಿತ್ತು. ಪೊಡಿಯಬ್ಬ ಅದನ್ನೇ ನೋಡುತ್ತ ನಿಂತ.

"ಟ್ಯಾಂಕರ್ ಕಟ್ಟು ಚನಿಯ."

"ಮಂಜಿಗೂ ನೀರು ಬಿಡ್ಲಿಕ್ಕೆ ಉಂಟಾ?"

"ಮತ್ತೆ? ನಾನು ಮದುವೆಗೆ ಮುಂಚೆ ನಾಲ್ಕು ವರ್ಷ ಮಂಗಳೂರು ಬಂದರಿನ ಧಕ್ಕೆಯಲ್ಲಿ ಮೀನಿನ ಕೆಲಸ ಮಾಡಿದವ. ಐಸಿನ ರಾಶಿ ಬಿದ್ದರೆ ಎಂತ ಮಾಡುವುದು? ಪೈಪಿನಲ್ಲಿ ನೀರು ಬಿಡುವುದು. ಕರಗಿ ಚರಂಡಿಗೆ ಹೋಗ್ತದೆ. ನೀನು ಚಡ್ಡಿ ಹಾಕಲು ಕಲಿಯುವ ಮೊದಲಿಂದ ನನಗೆ ಐಸ್ ಗೊತ್ತು ಮಾರಾಯ."

ಚನಿಯ ಕಂಡ ಐಸೂ ಮೀನಿನ ಪೆಟ್ಟಿಗೆಯದೇ. ಹೌದು ಹೌದು ಎಂದು ತಲೆಯಾಡಿಸಿ ಟ್ಯಾಂಕರ್ ಕಟ್ಟಿದ. ಮನೆಯ ಬಾಗಿಲಿನಿಂದ ಏರು ಇಳಿಯುವ ತನಕ, ಒಂದು ಮೊಳ ಬಿಡದ ಹಾಗೆ, ಇಬ್ಬರೂ ಸೇರಿ ದಾರಿಗೆ ನೀರು ಕುಡಿಸಿದರು. ಮಂಜಿನ ಪುಡಿ ಅವರ ಕಣ್ಣೆದುರೇ ಕರಗಿತು. ಪೊಡಿಯಬ್ಬ ಚನಿಯನ ಕಡೆ ನೋಡಿ ಹುಬ್ಬು ಹಾರಿಸಿದ.

ಸಂಜೆ ಮೈಮೂನತ್‌ಗೆ ಫೋನು ಮಾಡಿದ.

"ದಾರಿ ಆಯ್ತು. ನಾಳೆ ಎಂಟರ ಬಸ್ಸು. ನಾಲ್ಕೂವರೆ ಐದಕ್ಕೆ ಅಲ್ಲಿ ಇರ್ತೇನೆ."

"ಎರಡು ದಿನ ಅಂದವರು ಬರೀ ನಾಲ್ಕು ಗಂಟೆಗೆ ಇಳಿದ್ರಿ," ಎಂದಳು ಅವಳು. ಬೈಗುಳವೋ ನಗುವೋ ಗೊತ್ತಾಗಲಿಲ್ಲ. "ಅದಿರ್ಲಿ, ನನ್ನ ಗುರುತು ಸಿಗ್ತದಾ ನಿಮಗೆ?"

"ಸಿಗದೆ ಎಂತ?"

"ದಪ್ಪ ಆಗಿದ್ದೇನೆ."

"ಹಾಗಾದ್ರೆ ದೂರದಿಂದಲೇ ಸಿಗ್ತದೆ."

ಅವಳು ನಕ್ಕಳು. ಆ ನಗು ಕಿವಿಯಲ್ಲಿಟ್ಟುಕೊಂಡೇ ಪೊಡಿಯಬ್ಬ ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟು, ಗಡ್ಡ ತಿದ್ದಿಕೊಂಡು, ಎರಡು ಕಂಬಳಿ ಹೊದ್ದು ಮಲಗಿದ.

ಬೆಳಿಗ್ಗೆ ಫಜ್ರಿಗೆ ಕೈಕಾಲು ತೊಳೆದು ವುಝೂ ಮಾಡಲೆಂದು ಬಾಗಿಲು ತೆರೆದು ಹೊರಗೆ ಕಾಲಿಟ್ಟವನು ನೇರವಾಗಿ ಅಂಗಾತ ಬಿದ್ದ. ಎದ್ದು ಇನ್ನೊಂದು ಹೆಜ್ಜೆ ಇಟ್ಟ, ಮತ್ತೆ ಬಿದ್ದ. ಕೈಯಲ್ಲಿದ್ದ ಟಾರ್ಚನ್ನು ನೆಲಕ್ಕೆ ಹಿಡಿದು ನೋಡಿದರೆ, ದಾರಿಯುದ್ದಕ್ಕೂ ಗಾಜು! ನಿನ್ನೆಯ ಕೆಂಪು ಮಣ್ಣು ಒಳಗೆ ಕಾಣುತ್ತಿದೆ, ಮೇಲೆ ಎರಡು ಬೆರಳು ದಪ್ಪದ ಮಂಜುಗಡ್ಡೆ. ನೀರು ಎಲ್ಲಿಯ ತನಕ ಬಿಟ್ಟಿದ್ದನೋ ಅಲ್ಲಿಯ ತನಕ, ಸಮನಾಗಿ, ಒಂದು ಮೊಳ ಬಿಡದ ಹಾಗೆ.

"ಅಯ್ಯೋ, ಎಂತ ಮಾಡಿಬಿಟ್ಟೆ ನಾನು," ಎಂದು ಮೆಟ್ಟಿಲ ಮೇಲೆ ಕುಳಿತ.

ಚನಿಯ ಬಂದು ನೋಡಿದ. ಒಂದು ಹೆಜ್ಜೆ ಇಟ್ಟು ಅವನೂ ಬಿದ್ದ. ಸ್ವಲ್ಪ ಹೊತ್ತಿಗೆ ಕೆಳಗೆ ಅಬೂ ಯಹ್ಯಾನ ಲ್ಯಾಂಡ್ ಕ್ರೂಸರಿನ ದೀಪ ಕಂಡಿತು. ಮೂರು ಕಿಲೋಮೀಟರ್ ಚೆನ್ನಾಗಿಯೇ ಬಂತು. ಏರಿಗೆ ಮೂತಿ ಇಟ್ಟಿತು, ಅಷ್ಟೇ. ಚಕ್ರ ತಿರುಗುತ್ತಿದೆ, ಕಾರು ಹಿಂದೆ ಹೋಗುತ್ತಿದೆ. ಎರಡನೇ ಸಲ ಜೋರಾಗಿ ಬಂದು ಅರ್ಧಕ್ಕೆ ಹತ್ತಿ, ಅಡ್ಡಡ್ಡ ಜಾರಿ, ಬದಿಯ ಮಂಜಿನ ರಾಶಿಗೆ ಬಡಿದು ನಿಂತಿತು. ಅಬೂ ಯಹ್ಯಾ ಇಳಿದ, ಬಿದ್ದ, ಎದ್ದ. ಅಲ್ಲಿಂದಲೇ ಫೋನು ಮಾಡಿದ.

"ಬೋಡಿ! ರಸ್ತೆಗೆ ಏನಾಗಿದೆ? ನಾಲ್ಕು ಕಿಲೋಮೀಟರಿನಲ್ಲಿ ಇಲ್ಲಿ ಮಾತ್ರ ಐಸ್ ಹೇಗೆ ಬಂತು?"

"ನೀರು ಬಿಟ್ಟೆ, ಬಾಬಾ."

"ಎಲ್ಲಿಗೆ?"

"ದಾರಿಗೆ. ಯಾವಾಗಲೂ ಬಿಡುವ ಹಾಗೆ."

ಅಬೂ ಯಹ್ಯಾ ಸೃಷ್ಟಿಕರ್ತನನ್ನು ನೆನೆದು, ಮರುಭೂಮಿಯಲ್ಲಿ ಹುಟ್ಟಿದ ತನಗೇ ಗೊತ್ತಿರುವ ಸಂಗತಿ ನಾಲ್ಕು ತಿಂಗಳು ಮಳೆ ಸುರಿಯುವ ಊರಿನವನಿಗೆ ಗೊತ್ತಿಲ್ಲವಲ್ಲ ಎಂದು ಬೈದ. ಬೈದು ಮುಗಿಸಿ ಮೆತ್ತಗಾದ.

"ಈಗ ಕೇಳು. ಬದಿಯ ಮಂಜಿನಲ್ಲಿ ಕಾಲಿಟ್ಟು ನಡೆದು ಇಳಿದು ಬಾ. ನಿನ್ನನ್ನು ಬಸ್ಸಿಗೆ ಬಿಡ್ತೇನೆ. ಅಮ್ಮನನ್ನು ಹೇಗಾದರೂ ನಾಳೆ ನೋಡೋಣ."

"ನಾಳೆಗೆ ಗ್ಯಾಸ್ ಇಲ್ಲ, ಬಾಬಾ."

"ಗೊತ್ತು," ಎಂದ ಅಬೂ ಯಹ್ಯಾ.

ಇಳಿಯಲು ಹದಿನೈದು ನಿಮಿಷ ಸಾಕು. ಬಸ್ಸು ಸಿಗುತ್ತದೆ, ಐದು ಗಂಟೆಗೆ ಮೈಮೂನತ್ ಸಿಗುತ್ತಾಳೆ. ಈ ಬಸ್ಸು ಬಿಟ್ಟರೆ ಮುಂದಿನದು ಮದೀನಾ ಮುಟ್ಟುವುದು ನಡುರಾತ್ರಿ, ಅಷ್ಟರಲ್ಲಿ ಅವಳು ಜಿದ್ದಾದ ದಾರಿಯಲ್ಲಿ ಇರುತ್ತಾಳೆ. ಆಮೇಲೆ ಇನ್ನು ಯಾವ ವರ್ಷವೋ. ಒಳಗಿನಿಂದ ಉಮ್ಮನ ಕೆಮ್ಮು ಕೇಳಿಸಿತು. ಒಣ ಕೆಮ್ಮು, ಒಂದರ ಹಿಂದೆ ಒಂದು. ಮೊಣಕಾಲುದ್ದದ ಮಂಜಿನಲ್ಲಿ ಅವಳನ್ನು ಹೊತ್ತು ಇಳಿಯುವ ಹಾಗಿಲ್ಲ, ಜಾರಿದರೆ ಮುದುಕಿಯ ಎಲುಬು ಉಳಿಯದು. ಚನಿಯನಿಗೆ ಟ್ರ್ಯಾಕ್ಟರ್ ಓಡಿಸಲು ಬಾರದು. ಪೊಡಿಯಬ್ಬ ಮೈಮೂನತ್‌ಳ ನಂಬರು ಒತ್ತಿದ.

"ಬಸ್ಸು ಹತ್ತಿದ್ರಾ?" ಎಂದು ಕೇಳಿದಳು ಅವಳು, ಹಲೋ ಕೂಡ ಹೇಳದೆ.

"ಇಲ್ಲ ಮೈಮೂನಾ. ಒಂದು ಪೆದ್ದು ಕೆಲಸ ಆಗಿದೆ." ಎಲ್ಲ ಹೇಳಿದ.

"ಮಂಜಿಗೆ ನೀರು ಬಿಟ್ಟಿರಾ? ಅಲ್ಲ, ನಿಮಗೆ ತಲೆ ಸರಿ ಉಂಟಾ? ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ನೀರಿಟ್ಟರೆ ಎಂತ ಆಗ್ತದೆ ಅಂತ ಸಣ್ಣ ಮಕ್ಕಳಿಗೂ ಗೊತ್ತು!"

"ಫ್ರಿಜ್ಜು ತೆಗೆದುಕೊಟ್ಟದ್ದು ನಾನಾದ್ರೂ, ಅದರ ಬಾಗಿಲು ತೆಗೆದು ನೋಡುವಷ್ಟು ದಿನ ನಾನು ಮನೆಯಲ್ಲಿ ಎಲ್ಲಿ ಇದ್ದೆ ಮಾರಾಯ್ತಿ?"

ಪೊಡಿಯಬ್ಬ ಕೆಳಗೆ ನಿಂತ ಕಾರಿನ ಕಡೆ ನೋಡಿದ. "ಕಫೀಲ್ ನಡೆದು ಇಳಿದು ಬಾ ಅಂತಾನೆ. ನೀನು ಬನ್ನಿ ಅಂದರೆ ಬರ್ತೇನೆ." ಹೇಳುವಾಗಲೇ ತನ್ನ ಕಾಲು ಇಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಆ ಉಮ್ಮನಿಗೆ ಕೆಮ್ಮು ಉಂಟು ಅಂದ್ರಿ ಅಲ್ವಾ ನಿನ್ನೆ?"

"ಉಂಟು. ಇವತ್ತು ಜಾಸ್ತಿ."

"ಮತ್ತೆ ನನ್ನ ಹತ್ತಿರ ಕೇಳುವುದೆಂತ? ನೀವು ಮಾಡಿದ ಐಸ್, ನೀವೇ ತೆಗೀರಿ. ಮುದುಕಿಯನ್ನು ಚಳಿಯಲ್ಲಿ ಬಿಟ್ಟು ಬಂದ್ರೆ ನಾನು ನಿಮ್ಮ ಮುಖ ನೋಡುವುದಿಲ್ಲ, ಆಯ್ತಾ?" ಎಂದು ಫೋನು ಇಟ್ಟಳು. ಇಡುವ ಮೊದಲು ಮೂಗು ಎಳೆದುಕೊಂಡದ್ದು ಪೊಡಿಯಬ್ಬನಿಗೆ ಕೇಳಿಸಿತು. ಅವನು ಅಲ್ಲೇ ನಿಂತು, ಯಾರ ನಾಚಿಕೆಯೂ ಇಲ್ಲದೆ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಎಂತ ಹೇಳಿದ್ರು ಮೈಮೂನಕ್ಕ?" ಎಂದ ಚನಿಯ.

"ಹಾರೆ ತಾ ಅಂದಳು."

ಐಸನ್ನು ಬ್ಲೇಡಿನಿಂದ ಕೆರೆಯಲು ನೋಡಿದರೆ ಬ್ಲೇಡು ಕಿರುಚಿ ಮೇಲೆದ್ದಿತು. ಟ್ರ್ಯಾಕ್ಟರೇ ನಿಂತಲ್ಲಿಂದ ಒಂದು ಮಾರು ಜಾರಿತು. ಬಿಸಿನೀರು ಹಾಕುವ ಎಂದ ಚನಿಯ. ಇನ್ನು ನೀರಿನ ಹೆಸರು ಎತ್ತಿದರೆ ನೋಡು ಎಂದು ಪೊಡಿಯಬ್ಬ ಗದರಿದ. ಹೀಗೆ ಅರ್ಧ ಗಂಟೆ ಹೋಯಿತು. ಆಮೇಲೆ ಜಾರಿ ಬಿದ್ದ ಚನಿಯ ದಾರಿ ಬದಿಯ ಗುಡ್ಡೆಯೊಂದನ್ನು ಹಿಡಿದು ಏಳುವಾಗ, ಅವನ ಅಂಗೈಗೆ ಮಂಜಿನ ಕೆಳಗಿಂದ ಕೆಂಪು ಮರಳು ಅಂಟಿಕೊಂಡು ಬಂತು. ಅದು ಪೊಡಿಯಬ್ಬನೇ ವರ್ಷಗಟ್ಟಲೆ ದಾರಿಯಿಂದ ಕೆರೆದು ತಳ್ಳಿದ ಮರಳು, ಉದ್ದಕ್ಕೂ ಗುಡ್ಡೆ ಗುಡ್ಡೆಯಾಗಿ ಬಿದ್ದಿತ್ತು.

"ಪೊಡಿಯಾಕ," ಎಂದ ಚನಿಯ ಅಂಗೈ ತೋರಿಸುತ್ತ. "ಇದನ್ನೇ ಮೇಲೆ ಹಾಕಿದ್ರೆ?"

ಪೊಡಿಯಬ್ಬ ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಬಕೆಟ್ಟನ್ನು ಗುಡ್ಡೆಗೆ ನುಗ್ಗಿಸಿದ. ಮೇಲ್ಪದರ ಕಲ್ಲಾಗಿತ್ತು, ಒಳಗೆ ಒಣ ಮರಳು. ಬಾಗಿಲಿನಿಂದ ಶುರುಮಾಡಿದರು. ಬಕೆಟ್ಟಿನಲ್ಲಿ ನಿಂತ ಚನಿಯ ಸಲಿಕೆಯಿಂದ ಮುಂದಕ್ಕೆ ಎರಚುವುದು, ಎರಚಿದ್ದರ ಮೇಲೆ ಪೊಡಿಯಬ್ಬ ಟ್ರ್ಯಾಕ್ಟರನ್ನು ಒಂದು ಮಾರು ಇಳಿಸುವುದು. ಹದಿನೆಂಟು ವರ್ಷ ಯಾವ ಮರಳನ್ನು ಶಪಿಸುತ್ತ ಆಚೆ ತಳ್ಳಿದ್ದನೋ ಅದನ್ನೇ ಈಗ ಅಕ್ಕಿಯ ಹಾಗೆ ಚೆಲ್ಲದಂತೆ ತಂದು ತಂದು ಹಾಸಿದ. ಇಳಿಜಾರಿನಲ್ಲಿ ಎರಡು ಸಲ ಟ್ರ್ಯಾಕ್ಟರ್ ಕೈತಪ್ಪಿತು. ಎರಡು ಸಲವೂ ಚನಿಯ ಬಕೆಟ್ಟಿನಿಂದ ಮಂಜಿಗೆ ಹಾರಿ ಉಳಿದುಕೊಂಡ. ಲಿವರು ಕೊರೆಯುತ್ತಿತ್ತು, ಪೊಡಿಯಬ್ಬನ ಕೈಯ ಚರ್ಮ ಬಿರಿದು ರಕ್ತ ಬಂತು. ಎಂಟು ಗಂಟೆಗೆ ಬಸ್ಸು ಹೊರಟಿರಬೇಕು. ಅವನು ಗಡಿಯಾರ ನೋಡಲಿಲ್ಲ, ಆದರೂ ಅದು ಹೊರಟದ್ದು ಅವನಿಗೆ ಗೊತ್ತಾಯಿತು.

ಕೆಳಗೆ ಅಬೂ ಯಹ್ಯಾ ಸುಮ್ಮನೆ ಕೂರಲಿಲ್ಲ. ನೀಳ ಅರಬ್ಬಿ ನಿಲುವಂಗಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾರಿನ ಹಿಂದಿನಿಂದ ಸಣ್ಣ ಗುದ್ದಲಿ ತೆಗೆದು, ಅರುವತ್ತರ ಗಂಡಸು ತಾನೂ ಮರಳು ಬಗೆದು ಎಸೆಯುತ್ತ ಮೇಲೇರಿದ. ಮೂವರೂ ಏರಿನ ನಡುವೆ ಭೇಟಿಯಾದಾಗ ಹನ್ನೊಂದೂ ಕಾಲು. ಕಾರು ಮರಳಿನ ಮೇಲೆ ಸದ್ದು ಮಾಡುತ್ತ ಬಾಗಿಲಿಗೆ ಬಂತು. ಪೊಡಿಯಬ್ಬ ಉಮ್ಮನನ್ನು ಕಂಬಳಿ ಸಮೇತ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ.

ಉಮ್ಮಾ ಹೀಟರಿಗೆ ಕೈಯೊಡ್ಡಿ ಸುಧಾರಿಸಿಕೊಂಡಳು. ಆಮೇಲೆ ಕೇಳಿದಳು, "ಬೋಡಿಯ ಬಸ್ಸು ಎಷ್ಟು ಗಂಟೆಗೆ?"

ಅಬೂ ಯಹ್ಯಾ ಹೀಟರಿನ ಗುಂಡಿ ತಿರುಗಿಸಿದ.

"ಇವನ ಹೆಂಡತಿ ಬರುವ ದಿನವನ್ನು ಒಂದು ತಿಂಗಳಿನಿಂದ ಇವನಿಗಿಂತ ಹೆಚ್ಚು ನಾನು ಎಣಿಸಿದ್ದೇನೆ. ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದೆ."

"ಹೋಯಿತಮ್ಮಾ," ಎಂದ ಅಬೂ ಯಹ್ಯಾ. "ನಾನು ಕರೆದೆ. ನಿನ್ನನ್ನು ಬಿಟ್ಟು ಇವನು ಇಳಿಯಲಿಲ್ಲ."

ಮುದುಕಿ ತಿರುಗಿ, ಹೊರಗೆ ಕೈ ಕಟ್ಟಿ ನಿಂತಿದ್ದ ಪೊಡಿಯಬ್ಬನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಿಂದೆ ಹತ್ತು," ಎಂದಳು. ಮಗನ ಕಡೆ ತಿರುಗಿದಳು. "ಮದೀನಕ್ಕೆ ಬಿಡು."

"ಅಮ್ಮಾ, ಏಳೆಂಟು ಗಂಟೆಯ ದಾರಿ! ನಿನ್ನ ಮೈ ಸರಿಯಿಲ್ಲ. ತಬೂಕಿನ ಮನೆಯಲ್ಲಿ..."

"ತಬೂಕಿನಲ್ಲಿ ನನಗೆ ಏನುಂಟು? ನಿನ್ನ ಹೆಂಡತಿಯ ಟೀವಿ. ಮದೀನಾ ಬೆಚ್ಚಗಿದೆ. ಅಲ್ಲಿ ಡಾಕ್ಟರಿಲ್ಲವೇ? ಕಾರಿನಲ್ಲಿ ಹೀಟರಿಲ್ಲವೇ? ಯಲ್ಲಾ, ಹೊರಡು!"

ಅಬೂ ಯಹ್ಯಾ ಮೀಸೆ ಬಂದ ಮೇಲೆ ತಾಯಿಯ ಎದುರು ಗೆದ್ದ ದಾಖಲೆಯಿಲ್ಲ. ಅವನು ಗೇರು ಹಾಕಿದ. ಆಡುಗಳಿಗಾಗಿ ಉಳಿದ ಚನಿಯ ಸಲಿಕೆ ಎತ್ತಿ ಬೀಸುತ್ತ, "ಮೈಮೂನಕ್ಕನಿಗೆ ನನ್ನ ಸಲಾಂ ಹೇಳಿ ಪೊಡಿಯಾಕ! ನೀರು ಬಿಟ್ಟದ್ದು ನಾನಲ್ಲ ಅಂತಲೂ ಹೇಳಿ!" ಎಂದು ಕೂಗಿದ.

ತಬೂಕಿನ ತನಕ ಎದುರಿನಿಂದ ಕಾರುಗಳ ಸಾಲು. ತಬೂಕಿನ ಜನ ಹೆಂಡತಿ ಮಕ್ಕಳು, ಕಾಫಿಯ ಕೆಟಲು ಕಟ್ಟಿಕೊಂಡು ಮಂಜು ನೋಡಲು ಬೆಟ್ಟಕ್ಕೆ ಹೊರಟಿದ್ದರು. ಇವರೊಬ್ಬರು ಮಂಜಿಗೆ ಬೆನ್ನು ಹಾಕಿ ಓಡುತ್ತಿದ್ದರು. ಪೆಟ್ರೋಲ್ ಬಂಕಿನ ಮಸೀದಿಯಲ್ಲಿ ಎರಡು ಸಲ ನಮಾಝಿಗೆ ನಿಂತದ್ದು, ತಬೂಕಿನಲ್ಲಿ ಉಮ್ಮನ ಕೆಮ್ಮಿನ ಔಷಧಿಗೆ ನಿಂತದ್ದು ಬಿಟ್ಟರೆ ಅಬೂ ಯಹ್ಯಾ ಆಕ್ಸಿಲರೇಟರಿನಿಂದ ಕಾಲು ಎತ್ತಲಿಲ್ಲ. ನಡುನಡುವೆ ಫೋನು ಮಾಡಿದ ತಮ್ಮಂದಿರಿಗೆಲ್ಲ, "ನಮ್ಮ ಬೋಡಿ ಮಂಜಿಗೆ ನೀರು ಬಿಟ್ಟ" ಎಂದು ವರದಿ ಒಪ್ಪಿಸುತ್ತಿದ್ದ. ಪ್ರತಿಸಲವೂ ಉಮ್ಮಾ ನಕ್ಕು ಕೆಮ್ಮುತ್ತಿದ್ದಳು. ಪೊಡಿಯಬ್ಬ ಹಿಂದೆ ಕುಳಿತು ಮೈಲುಗಲ್ಲಿನ ಅಂಕಿ ಓದುತ್ತಿದ್ದ. ಮುನ್ನೂರು. ಇನ್ನೂರ ಹತ್ತು. ತೊಂಬತ್ತು. ಮದೀನಾದ ದೀಪಗಳು ಕಾಣುವಾಗ ಏಳೂವರೆ ದಾಟಿತ್ತು. ರಾತ್ರಿಯ ಇಶಾ ನಮಾಝು ಬಿಟ್ಟ ಜನಸಾಗರದಲ್ಲಿ ಕಾರು ಆಮೆಯಾಯಿತು. ಹೋಟೆಲಿನ ಓಣಿಗೆ ಬಂದಾಗ ಎಂಟೂ ಇಪ್ಪತ್ತು. ಬಸ್ಸು ಬಂದು ನಿಂತಿತ್ತು, ಹೊಟ್ಟೆಯ ಬಾಗಿಲು ತೆರೆದು ಪೆಟ್ಟಿಗೆಗಳನ್ನು ತುಂಬುತ್ತಿದ್ದರು.

ಪೊಡಿಯಬ್ಬ ಇಳಿದು ಓಡಿದ. ಓಡಿ, ಕಕ್ಕಾಬಿಕ್ಕಿಯಾಗಿ ನಿಂತ. ಇಪ್ಪತ್ತು ಹೆಂಗಸರು, ಇಪ್ಪತ್ತೂ ಕಪ್ಪು ಬುರ್ಖಾ, ಎಲ್ಲರ ಹೆಗಲಿಗೂ ತಂಡದ ಒಂದೇ ನೀಲಿ ಚೀಲ. ಒಬ್ಬೊಬ್ಬರ ಮುಖವನ್ನೂ ದಿಟ್ಟಿಸುವುದು ಹೇಗೆ?

"ಅಲ್ಲಿ ಎಂತ ನೋಡುವುದು? ಇಲ್ಲಿ!"

ಮೈಮೂನತ್ ಗೋಡೆಯ ಬದಿಗೆ ತನ್ನ ಸೂಟ್‌ಕೇಸಿನ ಮೇಲೆ ಕುಳಿತಿದ್ದಳು. ದಪ್ಪವಾಗಿರಲಿಲ್ಲ, ಅದು ಸುಳ್ಳು. ಬಡವಾಗಿದ್ದಳು. ಕನ್ನಡಕ ಬಂದಿತ್ತು. ಪಕ್ಕದಲ್ಲಿ ನಿಂತಿದ್ದ ಇದಿನಬ್ಬ ಭಾವನ ಕೈ ಕುಲುಕಿ, "ನಾನೊಂದು ಚಹಾ ಕುಡಿದು ಬರ್ತೇನೆ" ಎಂದು ಸರಿದುಹೋದ. ಒಳ್ಳೆಯ ಮನುಷ್ಯ. ಪೊಡಿಯಬ್ಬ ಹೆಂಡತಿಯ ಪಕ್ಕ ನೆಲದ ಮೇಲೆಯೇ ಕುಳಿತ. ಇಬ್ಬರೂ ಬಸ್ಸಿಗೆ ಪೆಟ್ಟಿಗೆ ತುಂಬುವುದನ್ನು ನೋಡುತ್ತ ಕುಳಿತರು.

"ಡೀಸೆಲ್ ವಾಸನೆ ಬರ್ತದೆ ನಿಮ್ಮಿಂದ," ಎಂದಳು ಕೊನೆಗೆ.

"ಇಸ್ತ್ರಿ ಮಾಡಿದ ಅಂಗಿ ಅಲ್ಲೇ ಉಳಿಯಿತು."

"ಉಮ್ಮಾ ಹೇಗಿದ್ದಾರೆ?"

"ಕಾರಿನಲ್ಲಿ ಇದ್ದಾರೆ. ಅವರೇ ಕರ್ಕೊಂಡು ಬಂದದ್ದು."

ಮೈಮೂನತ್ ಕಾರಿನ ಕಡೆ ನೋಡಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದಳು. ಗಾಜಿನ ಆಚೆಯಿಂದ ಉಮ್ಮಾ ಕೈ ಎತ್ತಿದಳು. ಆಮೇಲೆ ಮೈಮೂನತ್‌ಳ ಕಣ್ಣು ಗಂಡನ ಕೈಯ ಮೇಲೆ ಬಿತ್ತು.

"ತೋರಿಸಿ ಇಲ್ಲಿ. ಎಂತ ಇದು? ಯಾ ಅಲ್ಲಾ!" ಬಿರಿದ ಚರ್ಮ, ಒಣಗಿದ ರಕ್ತ, ಉಗುರ ಸಂದಿಯಲ್ಲಿ ಕೆಂಪು ಮರಳು. ನೀಲಿ ಚೀಲದಿಂದ ಊರಿನ ತೆಂಗಿನೆಣ್ಣೆಯ ಸಣ್ಣ ಬಾಟಲಿ ತೆಗೆದಳು. ಚಳಿಗೆ ಅದು ಬೆಳ್ಳಗೆ ಹೆಪ್ಪುಗಟ್ಟಿತ್ತು. ಬೆರಳು ಹಾಕಿ ಬಗೆದು, ಅಂಗೈಯಲ್ಲಿ ಉಜ್ಜಿ ಕರಗಿಸಿ, ಅವನ ಬಲಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಬೆರಳಿಗೆ ಹಚ್ಚತೊಡಗಿದಳು. ಊರಿನವರೆಲ್ಲ ನೋಡುತ್ತಿದ್ದರು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವಳು ನಾಲ್ಕು ಜನರ ಎದುರು ಗಂಡನ ಕೈ ಮುಟ್ಟಿದವಳಲ್ಲ.

"ಉರೀತದಾ?"

"ಇಲ್ಲ."

"ಸುಳ್ಳು ಹೇಳ್ಬೇಡಿ."

"ಸ್ವಲ್ಪ."

ಉಸ್ತಾದರು ಪಟ್ಟಿ ಹಿಡಿದು ಹೆಸರು ಕೂಗಿದರು. ಒಬ್ಬೊಬ್ಬರೇ ಹತ್ತಿದರು. ಮೈಮೂನತ್‌ಳ ಹೆಸರು ಎರಡು ಸಲ ಬಂತು. ಅವಳು ಮೂರನೆಯ ಬೆರಳಿನಲ್ಲಿದ್ದಳು, ತಲೆ ಎತ್ತಲಿಲ್ಲ. ಬಸ್ಸಿನ ಡ್ರೈವರ್, ಈಜಿಪ್ಟಿನವನೊಬ್ಬ, ಹಾರ್ನ್ ಹೊಡೆದ. ಹೊಡೆದವನು ಮುಂದೆ ನೋಡಿ ಇನ್ನೂ ಜೋರಾಗಿ ಹೊಡೆದ.

ಬಸ್ಸಿನ ಮೂತಿಗೆ ಅಡ್ಡವಾಗಿ, ಓಣಿಯನ್ನು ಪೂರ್ತಿ ಮುಚ್ಚಿ, ಒಂದು ಬಿಳಿಯ ಲ್ಯಾಂಡ್ ಕ್ರೂಸರ್ ನಿಂತಿತ್ತು. ಅಬೂ ಯಹ್ಯಾ ಬಾನೆಟ್ ಎತ್ತಿ ಒಳಗೆ ತಲೆ ಹಾಕಿದ್ದ. ಏಳುನೂರೈವತ್ತು ಕಿಲೋಮೀಟರ್ ಒಂದು ಕೆಮ್ಮಿಲ್ಲದೆ ಓಡಿದ ಇಂಜಿನ್ನಿನಲ್ಲಿ ಅವನು ಏನನ್ನು ಹುಡುಕುತ್ತಿದ್ದನೋ ಅವನಿಗೇ ಗೊತ್ತು. ಮುಂದಿನ ಸೀಟಿನಲ್ಲಿ ಉಮ್ಮಾ ಜಪಮಣಿ ಎಣಿಸುತ್ತ, ನೆಟ್ಟಗೆ ಮುಂದೆ ನೋಡುತ್ತ, ಕಲ್ಲಿನಂತೆ ಕುಳಿತಿದ್ದಳು. ಡ್ರೈವರ್ ಕೆಳಗಿಳಿದು ಕೈ ಬೀಸಿ ಕೂಗಾಡಿದ. ಮುದುಕಿ ಕಿಟಕಿಯನ್ನು ಎರಡು ಬೆರಳು ಇಳಿಸಿ ಏನೋ ಹೇಳಿ ಮತ್ತೆ ಏರಿಸಿದಳು. ಡ್ರೈವರ್ ತಲೆ ಕೆರೆದುಕೊಂಡು, ಟೈರಿಗೆ ಒರಗಿ ಸಿಗರೇಟು ಹಚ್ಚಿದ.

"ಅದು ನಿಮ್ಮ ಕಫೀಲನ ಕಾರಲ್ವಾ?" ಎಂದಳು ಮೈಮೂನತ್ ಗಾಬರಿಯಿಂದ. "ಕೆಟ್ಟು ನಿಂತಿತಾ? ಹೋಗಿ ನೋಡಿ, ಎಲ್ಲರೂ ಕಾಯ್ತಾ ಇದ್ದಾರೆ."

ಪೊಡಿಯಬ್ಬ ಕಾರನ್ನು ನೋಡಿದ, ಬಾನೆಟ್ಟಿನಡಿಯ ಅಬೂ ಯಹ್ಯಾನ ಬೆನ್ನನ್ನು ನೋಡಿದ, ಉಮ್ಮನನ್ನು ನೋಡಿದ. ಏಳಲಿಲ್ಲ. ಬಲಗೈಯನ್ನು ಹೆಂಡತಿಯ ಮಡಿಲಿನಿಂದ ಹಿಂದಕ್ಕೆ ತೆಗೆದು, ಎಡಗೈಯನ್ನು ಅಲ್ಲಿಟ್ಟ.

"ಇನ್ನೊಂದು ಕೈ ಬಾಕಿ ಉಂಟು," ಎಂದ.